ದೆವ್ವದ ಮನೆಯಲ್ಲಿ ಕಸ ಗುಡಿಸಿದವಳು

ದೆವ್ವದ ಸಿನಿಮಾ ನೋಡಿ ಕಿರುಚಿದವರನ್ನು ನೀವು ಕಂಡಿರುತ್ತೀರಿ. ಆಮೇಲೆ ಬಚ್ಚಲಿಗೆ ಹೋಗಲು ಜೊತೆಗೆ ಯಾರನ್ನಾದರೂ ಎಬ್ಬಿಸುವವರನ್ನೂ ಕಂಡಿರುತ್ತೀರಿ. ನಾನು ಆ ಗುಂಪಿಗೇ ಸೇರಿದವಳು. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಬಂದಾಗ ನಾನು ಹೈಸ್ಕೂಲಿನ ಹುಡುಗಿ. ಅಕ್ಕನ ಸೆರಗನ್ನು ಮುಖಕ್ಕೆ ಎಳೆದುಕೊಂಡು ಅರ್ಧ ಸಿನಿಮಾ ನೋಡಿದೆ, ಉಳಿದರ್ಧವನ್ನು ಅಕ್ಕನ ಬಾಯಿಂದ ಕೇಳಿದೆ. ಮುಂದೆ ಊರಿನ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆಯುವ ಗದ್ದಲ ಎದ್ದಾಗ, ಸೀಮೆಸುಣ್ಣ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬರೆದವಳೂ ನಾನೇ. ಹಿತ್ತಿಲ ಬಾಗಿಲಿಗೂ ಬರೆದಿದ್ದೆ. ದೆವ್ವಕ್ಕೆ ಮುಂಬಾಗಿಲಿನ ಮರ್ಯಾದೆ ಗೊತ್ತಿರಬೇಕಲ್ಲ!

ಆದರೆ ದೆವ್ವದ ಸಿನಿಮಾ ನೋಡಿ ಬಿಕ್ಕಿ ಬಿಕ್ಕಿ ಅತ್ತ ಹೆಂಗಸನ್ನು ನೀವು ಕಂಡಿರಲಾರಿರಿ. ಕಳೆದ ಮಳೆಗಾಲದಲ್ಲಿ ನಾನು ಹಾಗೆ ಅತ್ತೆ. ಅದನ್ನು ಹೇಳಿಬಿಡೋಣವೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಸಣ್ಣ ಪೇಟೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ನಾಲ್ಕು ದಿನಕ್ಕೆಂದು ಬಂದಿದ್ದಳು. ಹೊರಗೆ ಹಿಡಿದ ಮಳೆ ಬಿಡದು. ಊಟ ಮುಗಿಯುವ ಹೊತ್ತಿಗೆ ಕರೆಂಟೂ ಹೋಯಿತು. ಇವರು ಕಂಬಳಿ ಹೊದ್ದು ಮಲಗಿದರು. ಮಗಳು ಲ್ಯಾಪ್‌ಟಾಪನ್ನು ನಡುಮನೆಗೆ ತಂದಳು.

“ಅಮ್ಮಾ, ಒಂದು ಜಪಾನೀ ಸಿನಿಮಾ ಇದೆ. ನೋಡ್ತೀಯಾ? ಹೆದರಿಕೊಳ್ಳಬಾರದು.”

“ಈ ವಯಸ್ಸಲ್ಲಿ ನನ್ನನ್ನ ಯಾವ ದೆವ್ವ ಹಿಡಿಯತ್ತೆ, ಹಾಕು” ಎಂದೆ.

ಸಿನಿಮಾದ ಹೆಸರು ‘ಜು-ಆನ್’. ಜು ಎಂದರೆ ಶಾಪ, ಆನ್ ಎಂದರೆ ಒಳಗೇ ಕುದಿಯುವ ಹಗೆ ಎಂದು ಮಗಳು ವಿವರಿಸಿದಳು. ತೀರದ ಸಿಟ್ಟಿನಲ್ಲಿ ಸತ್ತವರ ಶಾಪ ಅವರು ಬಾಳಿದ ಜಾಗದಲ್ಲೇ ನಿಂತುಬಿಡುತ್ತದೆ, ಅಲ್ಲಿಗೆ ಕಾಲಿಟ್ಟವರನ್ನು ಅದು ಬಿಡುವುದಿಲ್ಲ. ಇಷ್ಟೇ ಕಥೆಯ ಬೀಜ. ನನಗದು ಹೊಸದಾಗಿ ಕಾಣಲಿಲ್ಲ. ಹೆಣ್ಣಿನ ಕಣ್ಣೀರು ಬಿದ್ದ ಮನೆ ಉದ್ಧಾರವಾಗದು ಎಂದು ನಮ್ಮಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ತಕಾಶಿ ಶಿಮಿಜು ಎಂಬ ನಿರ್ದೇಶಕನ ಚಿತ್ರ ಇದು. ಆತ ಹುಟ್ಟಿದ್ದು 1972ರಲ್ಲಿ. 1998ರಲ್ಲಿ ಟಿ.ವಿ.ಗೆಂದು ಕೆಲವೇ ನಿಮಿಷಗಳ ಎರಡು ದೆವ್ವದ ತುಣುಕು ಮಾಡಿದ. ಅದೇ ಎಳೆಯನ್ನು ಹಿಡಿದು 2000ದಲ್ಲಿ, ಥಿಯೇಟರಿನ ಗೊಡವೆಯಿಲ್ಲದೆ ನೇರವಾಗಿ ವಿಡಿಯೋ ಕ್ಯಾಸೆಟ್ಟಿಗೆಂದೇ, ಕೈಯಲ್ಲಿದ್ದ ಅಲ್ಪಸ್ವಲ್ಪ ಹಣದಲ್ಲಿ ಎರಡು ಚಿತ್ರ ತೆಗೆದ. ಅವು ಬಾಯಿಂದ ಬಾಯಿಗೆ ಹರಡಿದ ಮೇಲೆ 2002ರಲ್ಲಿ ಥಿಯೇಟರಿಗಾಗಿ ಮಾಡಿದ್ದು ನಾವು ನೋಡಿದ ಚಿತ್ರ. 2004ರಲ್ಲಿ ಅಮೆರಿಕದವರು ಇವನನ್ನೇ ಕರೆದು ಇದನ್ನೇ ಇಂಗ್ಲಿಷಿನಲ್ಲಿ ಮಾಡಿಸಿದರು. ಸುಮಾರು 1 ಕೋಟಿ ಡಾಲರಿನಲ್ಲಿ ತೆಗೆದ ಆ ಚಿತ್ರ 18 ಕೋಟಿ ಡಾಲರಿಗೂ ಮೀರಿ ಗಳಿಸಿತಂತೆ. ನಮ್ಮ ಪರದೆಯ ಮೇಲೆ ಮಾತ್ರ ಅಂಥ ಶ್ರೀಮಂತಿಕೆಯ ಗುರುತೇ ಇರಲಿಲ್ಲ. ಒಂದು ಸಾಧಾರಣ ಮನೆ, ಒಂದು ಮರದ ಮೆಟ್ಟಿಲು, ಸುಣ್ಣ ಬಳಿದಂತೆ ಬೆಳ್ಳಗಿರುವ ಒಬ್ಬ ಹುಡುಗ, ಕೂದಲು ಬಿಟ್ಟುಕೊಂಡ ಒಬ್ಬ ಹೆಂಗಸು, ಒಂದು ಕರಿ ಬೆಕ್ಕು. ಈ ಸಾಮಾನು ನಮ್ಮ ಬೀದಿಯಲ್ಲೂ ಸಿಗುತ್ತದೆ. ಅದಕ್ಕೇ ಹೆದರಿಕೆ ಜಾಸ್ತಿ. ಹಾಳು ಕೋಟೆಯ ದೆವ್ವಕ್ಕೆ ಹೆದರಿದವರು ಕೋಟೆಗೆ ಹೋಗದಿದ್ದರೆ ಆಯಿತು. ಅಡುಗೆಮನೆಯ ದೆವ್ವಕ್ಕೆ ಹೆದರಿದವರು ಬೆಳಿಗ್ಗೆ ಕಾಫಿ ಎಲ್ಲಿ ಕಾಸಬೇಕು?

ಕಥೆ ಶುರುವಾಗುವುದು ರೀಕಾ ಎಂಬ ಹುಡುಗಿಯಿಂದ. ಸಮಾಜಸೇವಾ ಕೇಂದ್ರವೊಂದರಲ್ಲಿ ಅವಳು ಸ್ವಯಂಸೇವಕಿ. ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಂಡು ಬಾ ಎಂದು ಅವಳನ್ನು ಒಂದು ಮನೆಗೆ ಕಳಿಸುತ್ತಾರೆ. ಬಾಗಿಲು ಬಡಿದರೆ ಓಗೊಡುವವರಿಲ್ಲ. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಕಸ. ಮಗನೂ ಇಲ್ಲ, ಸೊಸೆಯೂ ಇಲ್ಲ. ಒಳಕೋಣೆಯಲ್ಲಿ ಮುದುಕಿ ತನ್ನ ಹೊಲಸಿನಲ್ಲೇ ಮಲಗಿದ್ದಾಳೆ. ಮಾತಿಲ್ಲ, ಎತ್ತಲೋ ನೆಟ್ಟ ನೋಟ.

ಆಗ ಈ ಹುಡುಗಿ ಏನು ಮಾಡಿದಳು ಗೊತ್ತೇ? ಓಡಿಹೋಗಲಿಲ್ಲ. ಮುದುಕಿಯ ಮೈ ಒರೆಸಿದಳು, ಬಟ್ಟೆ ಬದಲಿಸಿದಳು, ಹಾಸಿಗೆ ಬದಲಿಸಿದಳು, ಕಸವನ್ನೆಲ್ಲ ಬಾಚಿ ಮನೆ ಚೊಕ್ಕಟ ಮಾಡಿದಳು. ದೆವ್ವ ಮಹಡಿಯ ಮೇಲೆ ಕಾಯುತ್ತ ಕುಳಿತಿದೆ, ಈ ಹುಡುಗಿ ಕೆಳಗೆ ಕಸ ಗುಡಿಸುತ್ತಿದ್ದಾಳೆ! ಮಗಳಿಗೆ ತಾಳ್ಮೆ ಇಲ್ಲ, “ಇದನ್ನ ಮುಂದೆ ಓಡಿಸ್ತೀನಿ ಇರಮ್ಮ, ಭಯ ಆಮೇಲೆ ಬರತ್ತೆ” ಎಂದಳು. “ಬೇಡ, ಇರಲಿ” ಎಂದೆ. ನನ್ನ ಭಯ ಆಗಲೇ ಶುರುವಾಗಿತ್ತು. ಆ ಹುಡುಗಿ ಮುದುಕಿಯ ಬೆನ್ನಿಗೆ ಕೈ ಕೊಟ್ಟು ಎತ್ತುವುದು, ಮಗ್ಗುಲಾಗಿಸುವುದು, ಎಲ್ಲವೂ ನನ್ನ ಕೈಗಳಿಗೆ ಗೊತ್ತಿದ್ದ ಕೆಲಸ.

ಚೊಕ್ಕಟವಾದ ಮೇಲೆ ಮಹಡಿಯಲ್ಲಿ ಏನೋ ಪರಚಿದ ಸದ್ದು. ಹೋಗಿ ನೋಡಿದರೆ ಗೋಡೆಯೊಳಗಿನ ಬೀರುವಿಗೆ ಟೇಪು ಅಂಟಿಸಿ ಮುಚ್ಚಿದ್ದಾರೆ. ಜಪಾನಿನವರ ಹಳೆಯ ಪದ್ಧತಿಯ ಮನೆಗಳಲ್ಲಿ ನಮ್ಮ ಹಾಗೆಯೇ ನೆಲದ ಮೇಲೆ ಹಾಸಿಕೊಂಡು ಮಲಗಿ, ಬೆಳಿಗ್ಗೆ ಹಾಸಿಗೆ ಮಡಿಸಿ ಇಂಥ ಬೀರುವಿನಲ್ಲಿ ಇಡುತ್ತಾರೆ. ತೆರೆದರೆ ಅದರೊಳಗೆ ಬೆಕ್ಕು, ಮತ್ತು ಒಬ್ಬ ಪುಟ್ಟ ಹುಡುಗ. ಅವನ ಹೆಸರು ತೋಶಿಯೋ. ಅವನ ತಾಯಿ ಕಯಾಕೊ. ಅವಳೇ ಈ ಮನೆಯ ದೆವ್ವ.

ಕಯಾಕೊ ಮಾಡಿದ ತಪ್ಪೇನು? ಮೊದಲಿನ ವಿಡಿಯೋ ಚಿತ್ರದಲ್ಲಿ ಅದು ಬರುತ್ತದೆ. ಕಾಲೇಜಿನ ದಿನಗಳಲ್ಲಿ ಮೆಚ್ಚಿದ್ದ ಒಬ್ಬನ ಬಗ್ಗೆ ಡೈರಿಯಲ್ಲಿ ಬರೆದುಕೊಂಡಿದ್ದಳು. ಗಂಡ ಅದನ್ನು ಓದಿದ, ಕೊಂದ. ಮದುವೆಯಾದ ಹೆಂಗಸು ಮನಸ್ಸಿನೊಳಗಿನದನ್ನು ಕಾಗದದ ಮೇಲೆ ಇಟ್ಟದ್ದಕ್ಕೆ ಸಿಕ್ಕ ಶಿಕ್ಷೆ ಅದು. ನನಗೂ ಬರೆಯುವ ಚಾಳಿ ಇತ್ತು. ಡೈರಿಯ ವೈಭವ ನಮಗೆಲ್ಲಿ ಬರಬೇಕು? ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಎರಡೆರಡು ಸಾಲು ಗೀಚುತ್ತಿದ್ದೆ. ಆ ಪುಸ್ತಕದ ಮಾತು ಮತ್ತೆ ಬರುತ್ತದೆ, ಇರಲಿ.

ಬಿಳಿಯ ಉಡುಪು, ಮುಖದ ಮೇಲೆ ಇಳಿಬಿದ್ದ ಕಪ್ಪು ಕೂದಲು, ಇವು ಜಪಾನಿನ ದೆವ್ವಗಳಿಗೆ ಹಿಂದಿನಿಂದ ಬಂದದ್ದಂತೆ. ಸತ್ತವರಿಗೆ ಅಲ್ಲಿ ಬಿಳಿ ಬಟ್ಟೆ ಉಡಿಸುತ್ತಿದ್ದರು. 1825ರಲ್ಲಿ ಈಗಿನ ಟೋಕಿಯೋದಲ್ಲಿ, ಆಗಿನ ಎಡೋ ಪಟ್ಟಣದಲ್ಲಿ, ‘ಯೋತ್ಸುಯಾ ಕೈದಾನ್’ ಎಂಬ ಕಬುಕಿ ನಾಟಕ ಆಡಿದರು. ಅದರಲ್ಲಿ ಓಇವಾ ಎಂಬ ಬಾಣಂತಿಗೆ ಔಷಧಿಯೆಂದು ಹೇಳಿ ವಿಷ ಕುಡಿಸುತ್ತಾರೆ, ಮುಖವೆಲ್ಲ ವಿಕಾರವಾಗುತ್ತದೆ. ಅವಳ ಗಂಡನನ್ನು ಪಕ್ಕದ ಉಳ್ಳವರ ಮನೆಯ ಹುಡುಗಿಗೆ ತಂದುಕೊಳ್ಳುವುದಕ್ಕೆ ಈ ಹೂಟ. ಇನ್ನೊಂದು ಕಥೆಯಲ್ಲಿ ಓಕಿಕು ಎಂಬ ಮನೆಗೆಲಸದವಳು. ಯಜಮಾನರ ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾಯಿತೆಂದು ಅವಳನ್ನು ಬಾವಿಗೆ ಹಾಕುತ್ತಾರೆ. ರಾತ್ರಿಯ ಹೊತ್ತು ಬಾವಿಯಿಂದ ಎಣಿಸುವ ದನಿ ಕೇಳುತ್ತದೆ. ಒಂದು, ಎರಡು, ಮೂರು, ಒಂಬತ್ತರವರೆಗೆ. ಆಮೇಲೆ ಅಳು. ನೋಡಿ, ಒಬ್ಬಳು ಬಾಣಂತಿ, ಒಬ್ಬಳು ಕೆಲಸದವಳು, ಒಬ್ಬಳು ಗೃಹಿಣಿ. ಬದುಕಿದ್ದಾಗ ದನಿಯೆತ್ತಲು ಆಗದಿದ್ದವರೇ ಸತ್ತ ಮೇಲೆ ಸದ್ದು ಮಾಡುತ್ತಾರೆ.

ಕಯಾಕೊಗೆ ಎಣಿಸುವ ಮಾತೂ ಇಲ್ಲ. ಅವಳು ಬರುವ ಮುಂಚೆ ಒಂದು ಸದ್ದು ಬರುತ್ತದೆ. ಗಂಟಲಿನ ಆಳದಿಂದ, ಒಣ ಮರದ ಬಾಗಿಲು ನಿಧಾನವಾಗಿ ತೆರೆದ ಹಾಗೆ, ಗರ್... ರ್... ರ್... ರ್. ಆ ಸದ್ದಿಗೆ ಯಂತ್ರತಂತ್ರವೇನೂ ಇಲ್ಲವಂತೆ, ಶಿಮಿಜು ತನ್ನ ಗಂಟಲಿನಿಂದಲೇ ಹೊರಡಿಸಿದ್ದಂತೆ.

ಅದು ಕಿವಿಗೆ ಬಿದ್ದದ್ದೇ ನನ್ನ ಕೈಕಾಲು ತಣ್ಣಗಾದವು. ಮಗಳು ನಕ್ಕು ನನ್ನ ತೋಳು ಹಿಡಿದುಕೊಂಡಳು.

ಅದಾದ ಮೇಲೆ ಹಿತೋಮಿ ಎಂಬವಳ ಕಥೆ ಬರುತ್ತದೆ. ಅವಳು ಆ ಹಾಸಿಗೆ ಹಿಡಿದ ಮುದುಕಿಯ ಮಗಳು. ಹೆದರಿ ತನ್ನ ಮನೆಗೆ ಓಡಿಬಂದು, ಹಾಸಿಗೆಗೆ ಬಿದ್ದು, ತಲೆತುಂಬ ಹೊದ್ದುಕೊಳ್ಳುತ್ತಾಳೆ. ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ? ಲೋಕದ ಯಾವ ದೆವ್ವವೂ ಹೊದಿಕೆಯೊಳಗೆ ಬರುವುದಿಲ್ಲ ಎಂದು ಹುಟ್ಟಿದಂದಿನಿಂದ ನಂಬಿದ್ದೇವೆ. ಹಿತೋಮಿ ಹೊದಿಕೆಯನ್ನು ಸ್ವಲ್ಪ ಎತ್ತಿ ನೋಡುತ್ತಾಳೆ. ಕಯಾಕೊ ಒಳಗೇ ಇದ್ದಾಳೆ.

ನನ್ನಿಂದ ತಡೆಯಲಾಗಲಿಲ್ಲ. ಅಳು ಒತ್ತಿಕೊಂಡು ಬಂತು. ಮಗಳು ಗಾಬರಿಯಾಗಿ ಸಿನಿಮಾ ನಿಲ್ಲಿಸಿದಳು. “ಅಮ್ಮಾ, ಸುಳ್ಳು ಕಣಮ್ಮ ಅದು, ಬರೀ ಸಿನಿಮಾ” ಎಂದಳು.

ಆ ಸಿನಿಮಾ ಸುಳ್ಳಿರಬಹುದು. ಆ ಸದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಮೂರು ವರ್ಷ ಅದೇ ಸದ್ದು ಇತ್ತು.

1997ರಲ್ಲಿ ನಮ್ಮತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋದವು, ಜೊತೆಗೆ ಮಾತು ಹೋಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುತ್ತದೆ, ಬುದ್ಧಿಯೆಲ್ಲ ನೆಟ್ಟಗೇ ಇರಬಹುದು, ಹೇಳಲು ಮಾತ್ರ ಆಗುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ಬಾಯಿ ಜೋರಿದ್ದ ಹೆಂಗಸು ಆಕೆ. ನಾನು ಮದುವೆಯಾಗಿ ಬಂದ ಮೊದಲ ಆರು ವರ್ಷ ಉಗ್ರಾಣದ ಬೀಗದ ಕೈ ಅವರ ಸೊಂಟ ಬಿಟ್ಟು ಇಳಿದಿರಲಿಲ್ಲ. ಅಳೆದು ಕೊಟ್ಟ ಅಕ್ಕಿ, ಅಳೆದು ಕೊಟ್ಟ ಎಣ್ಣೆ. ಸಾರಿಗೆ ಉಪ್ಪು ಹೆಚ್ಚಾದರೆ ನಾಲ್ಕು ಮನೆಗೆ ಕೇಳುವ ಹಾಗೆ ಹೇಳುತ್ತಿದ್ದರು. ಅಂಥವರ ಗಂಟಲಿನಲ್ಲಿ ಆಮೇಲೆ ಉಳಿದದ್ದು ಇದೊಂದೇ ಸದ್ದು, ಗರ್... ರ್... ರ್. ನೀರಿಗೂ ಅದೇ, ನೋವಿಗೂ ಅದೇ, ಸಿಟ್ಟಿಗೂ ಅದೇ.

ನೋಡಿಕೊಂಡೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನುಹುಣ್ಣಾಗುತ್ತದೆ ಎಂದಿದ್ದರು, ಬದಲಿಸಿದೆ. ರಬ್ಬರ್ ಶೀಟು ತೊಳೆದೆ, ಬೆಡ್‌ಪ್ಯಾನ್ ತೊಳೆದೆ, ಗಂಜಿಯನ್ನು ಚಮಚದಲ್ಲಿ ಕುಡಿಸಿದೆ. ರಾತ್ರಿ ಮೂರು ಸಲವೋ ನಾಲ್ಕು ಸಲವೋ ಸದ್ದು ಬರುತ್ತಿತ್ತು, ಏಳುತ್ತಿದ್ದೆ. ಇವರಿಗೆ ಬೆಳಿಗ್ಗೆ ಕಚೇರಿಯಿದೆ, ನಿದ್ದೆ ಕೆಡಬಾರದು. ನಾದಿನಿ ವರ್ಷಕ್ಕೆರಡು ಸಲ ಬಂದು, ಕಿಟಕಿಯ ಅಂಚಿನ ಧೂಳನ್ನು ಬೆರಳಲ್ಲಿ ಒರೆಸಿ ನೋಡಿ, “ಅಮ್ಮ ಸೊರಗಿದಾಳೆ” ಎಂದು ಹೇಳಿ ಹೋಗುತ್ತಿದ್ದಳು.

1999ರ ಶ್ರಾವಣದಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಲವತ್ತು ಜನರ ಊಟ. ಪಾತ್ರೆ ಬೆಳಗಿ ಮಲಗುವಾಗ ಹನ್ನೊಂದು ದಾಟಿತ್ತು, ಮೈಯಲ್ಲಿ ಜ್ವರವೂ ಇತ್ತು. ಎಷ್ಟು ಹೊತ್ತಿಗೋ ಏನೋ, ಸದ್ದು ಕೇಳಿತು. ಎಚ್ಚರವಾಯಿತು. ಪೂರ್ತಿ ಎಚ್ಚರವಾಗಿತ್ತು, ನಿದ್ದೆಗಣ್ಣಿನಲ್ಲಿದ್ದೆ ಎಂದು ಸುಳ್ಳು ಹೇಳಲಾರೆ. ಇದೊಂದು ಸಲ ಬೇಡ ಎಂದುಕೊಂಡೆ. ಇದೊಂದು ಸಲ ಬೇರೆ ಯಾರಾದರೂ ಏಳಲಿ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಸದ್ದು ಬಹಳ ಹೊತ್ತು ಇತ್ತು. ಆಮೇಲೆ ಏನನ್ನೋ ಪರಚುವ ಹಾಗೆ. ಆಮೇಲೆ ಬರೀ ಮಳೆ.

ಬೆಳಿಗ್ಗೆ ಹೋಗಿ ನೋಡಿದರೆ ಅತ್ತೆ ಮಂಚದಿಂದ ಜಾರಿ, ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದರು. ಸೀರೆಯೆಲ್ಲ ಒದ್ದೆ, ಮೈ ಮಂಜುಗಡ್ಡೆ. ಎಡಗೈಯ ಉಗುರಿನ ತುಂಬ ಗೋಡೆಯ ಸುಣ್ಣ. ನನ್ನನ್ನು ನೋಡಿದರು. ಬೈಗುಳವನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆ, ಆ ನೋಟದಲ್ಲಿ ಬೈಗುಳ ಇರಲಿಲ್ಲ.

ಸಾಯಲಿಲ್ಲ. ಇನ್ನೂ ಎಂಟು ತಿಂಗಳು ಇದ್ದರು. ಆದರೆ ಆ ದಿನದಿಂದ ಅವರು ರಾತ್ರಿ ಕರೆಯಲೇ ಇಲ್ಲ. ನಾನು ಗಳಿಗೆಗೊಮ್ಮೆ ಎದ್ದು ಹೋಗಿ ನೋಡುತ್ತಿದ್ದೆ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಒದ್ದೆಯಲ್ಲೇ ಸುಮ್ಮನೆ ಮಲಗಿರುತ್ತಿದ್ದರು. ಬೇಕಾದದ್ದನ್ನು ಕೇಳುವುದನ್ನೇ ಬಿಟ್ಟುಬಿಟ್ಟರು.

2000ದ ಏಪ್ರಿಲ್‌ನಲ್ಲಿ, ಯುಗಾದಿ ಕಳೆದ ಮೇಲೆ, ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ನನ್ನ ಕೈ ಹಿಡಿದು, “ಇಂಥ ಸೊಸೆ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು” ಎಂದರು. ನಾದಿನಿಯೂ ಅಂದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಯಾರಿಗೂ ಹೇಳಲಿಲ್ಲ. ಆ ಹಾಲಿನ ಲೆಕ್ಕದ ಪುಸ್ತಕ ಈಗಲೂ ಇದೆ. ಪೂಜೆಯ ಮಾರನೆಯ ದಿನದ ಪುಟದಲ್ಲಿ ‘ಹಾಲು ಎರಡು ಲೀಟರು ಹೆಚ್ಚು, ಬಾಳೆಎಲೆಯವನಿಗೆ ಬಾಕಿ’ ಎಂದಷ್ಟೇ ಇದೆ. ಹಿಂದಿನ ಪುಟಗಳಲ್ಲಿ ಅತ್ತೆಯ ಮೇಲಿನ ದೂರು ಎಷ್ಟು ಬೇಕಾದರೂ ಇದೆ. ನನ್ನ ಮೇಲಿನ ದೂರು ಒಂದೂ ಇಲ್ಲ.

ಇಷ್ಟನ್ನೂ ಆ ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಮಗಳಿಗೆ ಹೇಳಿದೆ. ಅವಳು ಏನಾದರೂ ಸಮಾಧಾನ ಹೇಳಿಯಾಳು ಎಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಂಗೂ ಕೇಳಿಸಿತ್ತಮ್ಮ” ಎಂದಳು.

ಆಗ ಅವಳಿಗೆ ಏಳು ವರ್ಷ. “ಅಜ್ಜಿ ಕರೀತಿದ್ದದ್ದು ಕೇಳಿಸ್ತು. ಹೆದರಿಕೆ ಆಯ್ತು. ನೀನು ಏಳ್ತೀಯ ಅಂತ ಕಾದೆ. ಆಮೇಲೆ ಕಂಬಳಿ ಎಳ್ಕೊಂಡೆ.”

ನಾವಿಬ್ಬರೂ ಒಳಕೋಣೆಯ ಕಡೆ ನೋಡಿದೆವು. ಅಲ್ಲಿ ಇವರ ಗೊರಕೆ. ಅದೇ ಗೋಡೆಯ ಪಕ್ಕ ಅವತ್ತೂ ಮಲಗಿದ್ದವರು ಇವರು. ಅವರ ಕಿವಿಗೆ ಬಿದ್ದಿರಲಿಲ್ಲವೇ? ಬಿದ್ದಿದ್ದರೂ, ಅವಳು ಏಳುತ್ತಾಳೆ ಎಂದು ಕಾದಿರಬೇಕು. ಅವಳು ಎಂದರೆ ನಾನು. ಇಡೀ ಮನೆಗೆ ಒಬ್ಬ ಮುದುಕಿಯ ಕರೆ ಕೇಳಿಸಿದೆ, ಎಲ್ಲರೂ ಒಬ್ಬಳೇ ಹೆಂಗಸು ಏಳಲಿ ಎಂದು ಕಾದಿದ್ದಾರೆ. ಆ ಒಬ್ಬಳು ಒಂದು ರಾತ್ರಿ ಏಳಲಿಲ್ಲ.

ಇದನ್ನು ನನ್ನ ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿಲ್ಲ. ಏಳಬೇಕಿತ್ತು, ಏಳಲಿಲ್ಲ, ಅದು ನನ್ನದೇ. ಆದರೆ ಸಿನಿಮಾದ ರೀಕಾ ನನ್ನ ತಲೆಯಿಂದ ಹೋಗಲಿಲ್ಲ. ಯಾರ ಮನೆಯ ಮುದುಕಿಯನ್ನೋ ಒರೆಸಲು ಆ ಹುಡುಗಿ ಯಾಕೆ ಹೋದಳು ಎಂದು ಮಗಳನ್ನು ಕಾಡಿ, ಹುಡುಕಿಸಿ ಓದಿಸಿಕೊಂಡೆ. ಜಪಾನಿನಲ್ಲೂ ವಯಸ್ಸಾದವರ ಸೇವೆ ಸೊಸೆಯ ಕುತ್ತಿಗೆಗೇ ಕಟ್ಟಿದ್ದಂತೆ. 1972ರಲ್ಲಿ ಸವಾಕೊ ಅರಿಯೋಶಿ ಎಂಬ ಲೇಖಕಿ ಅರಳುಮರಳಾದ ಮಾವನನ್ನು ನೋಡಿಕೊಳ್ಳುವ, ಹೊರಗೆ ದುಡಿಯುವ ಸೊಸೆಯ ಕಾದಂಬರಿ ಬರೆದಳು. ಅದರ ಪ್ರತಿಗಳು ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾದವು. ಅಷ್ಟೊಂದು ಮನೆಗಳಲ್ಲಿ ಆ ಕಥೆ ನಡೆಯುತ್ತಿತ್ತು ಎಂದು ಅರ್ಥವಲ್ಲವೇ? ಕೊನೆಗೆ 2000ದ ಏಪ್ರಿಲ್ ಒಂದರಿಂದ ಆ ದೇಶದಲ್ಲಿ ಆರೈಕೆಯ ವಿಮೆ ಜಾರಿಗೆ ಬಂತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟಬೇಕು. ವಯಸ್ಸಾಗಿ ಕೈಲಾಗದೆ ಹೋದಾಗ ಮನೆಗೇ ಬಂದು ಸ್ನಾನ ಮಾಡಿಸುವವರು, ಬಟ್ಟೆ ಬದಲಿಸುವವರು ಸಿಗುತ್ತಾರೆ. ಖರ್ಚಿನ ಒಂದು ಪಾಲನ್ನಷ್ಟೇ ಕೈಯಿಂದ ಕೊಟ್ಟರಾಯಿತು. ಈಗ ಆ ದೇಶದಲ್ಲಿ ನೂರಕ್ಕೆ ಸುಮಾರು 29 ಮಂದಿ ಅರವತ್ತೈದು ದಾಟಿದವರು. ವಿಮೆ ಬಂತೆಂದು ಮನೆಯವರ ಕಷ್ಟವೆಲ್ಲ ಹರಿಯಿತು ಎಂದಲ್ಲ. ಆದರೂ, ಇದು ಒಬ್ಬಳ ಕೆಲಸವಲ್ಲ ಎಂದು ಒಂದು ಸರ್ಕಾರ ಕಾಗದದ ಮೇಲಾದರೂ ಒಪ್ಪಿಕೊಂಡಿತು. ನಮ್ಮತ್ತೆ ಕಣ್ಣು ಮುಚ್ಚಿದ ತಿಂಗಳೇ ಅದು ಶುರುವಾಗಿತ್ತು ಎಂದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಮ್ಮಲ್ಲೂ 2007ರಲ್ಲಿ ಒಂದು ಕಾನೂನು ಬಂದಿದೆ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ, ಹಿರಿಯರನ್ನು ತೊರೆದರೆ ಮೂರು ತಿಂಗಳವರೆಗೆ ಜೈಲು ಎನ್ನುತ್ತದೆ. ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಆ ಮನೆಯಲ್ಲಿ ಯಾರು ಏಳಬೇಕು, ಅವಳಿಗೆ ಒಂದು ರಾತ್ರಿಯ ನಿದ್ದೆಯನ್ನು ಯಾರು ಕೊಡಬೇಕು ಎಂಬುದು ಅದರಲ್ಲಿ ಇಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕೊಡುವಾಗ ಇವರನ್ನು ಕೇಳಿಯೇಬಿಟ್ಟೆ. “ಪೂಜೆಯ ರಾತ್ರಿ ಅತ್ತೆ ಕರೆದದ್ದು ನಿಮಗೆ ಕೇಳಿಸಿತ್ತಾ?” ಯಾವ ಪೂಜೆ, ಯಾವ ರಾತ್ರಿ ಎಂದು ಅವರು ಕೇಳಲಿಲ್ಲ. ಪೇಪರು ಮಡಿಸಿ ಮೇಜಿನ ಮೇಲಿಟ್ಟರು. ಕಾಫಿ ಆರಿಹೋಗುವವರೆಗೂ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಅಂಗಳಕ್ಕೆ ಹೋದರು. ನನಗೆ ಉತ್ತರ ಸಿಕ್ಕಿತು. ನಾನು ಮತ್ತೆ ಕೇಳಲಿಲ್ಲ.

ಮಗಳು ಬೆಂಗಳೂರಿಗೆ ಹೋದ ಮೇಲೆ ಒಂದು ರಾತ್ರಿ, ಅದೇ ಮಳೆ. ಒಳಗೆಲ್ಲೋ ಪರಚಿದ ಸದ್ದಾಯಿತು. ನನಗೆ ಎಚ್ಚರವಾಯಿತು. ಅಭ್ಯಾಸ ನೋಡಿ, ಕಾಲು ಆಗಲೇ ನೆಲಕ್ಕೆ ಇಳಿದಿತ್ತು. ಅಷ್ಟರಲ್ಲಿ ಇವರು ಎದ್ದು ಕುಳಿತರು. “ಮಲಗಿರು, ನಾನು ನೋಡ್ತೀನಿ” ಎಂದು ಟಾರ್ಚು ಹುಡುಕಿ, ಮಂಡಿನೋವಿನ ಕಾಲನ್ನು ಎಳೆದುಕೊಂಡು ಒಳಗೆ ಹೋದರು. ಅತ್ತೆಯ ಕೋಣೆಯ ಬಾಗಿಲು ತೆರೆದದ್ದು ಕೇಳಿಸಿತು. ತಿರುಗಿ ಬರಲು ಸ್ವಲ್ಪ ತಡವಾಯಿತು.

“ಬೆಕ್ಕು ಕಣೇ” ಎಂದರು.

ನಾನು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡೆ. ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.